ರಂಗಮ್ಮ ಬೇಡವೆಂದ ಗಂಡು

ಗುಬ್ಬಿಯ ರಂಗಮ್ಮನಿಗೆ ಬಿ.ಪಿ. ಇಲ್ಲ, ಶುಗರ್ ಇಲ್ಲ. ಇರುವುದು ಒಂದೇ ಕಾಯಿಲೆ, ತಂಗಿ ಶಿಲ್ಪಾಳ ಗಂಡ ಗಂಗರಾಜು. ಹೊಟ್ಟೆಕಿಚ್ಚು ಶುರುವಾದದ್ದು ಹೆಸರಿನಿಂದ. ತನಗೆ ಅಜ್ಜಿಯ ಹೆಸರು, ತಂಗಿಗೆ ಮಾತ್ರ ಹೊಸ ಕಾಲದ್ದು. ಆಮೇಲೆ ಅದು ಗಂಗರಾಜುವಿನ ಮೇಲೆ ಹೋಗಿ ಕುಳಿತದ್ದು ಇಪ್ಪತ್ತು ವರ್ಷವಾದರೂ ಎದ್ದಿಲ್ಲ.

ಈ ಗಂಗರಾಜು ಮೊದಲು ಅವರ ತವರು ಊರ್ಡಿಗೆರೆಗೆ ನೋಡಲು ಬಂದದ್ದು ರಂಗಮ್ಮನನ್ನೇ. ಕುಣಿಗಲಿನಲ್ಲಿ ಕುದುರೆ ನೋಡಿಕೊಳ್ಳುವ ಕೆಲಸ. ಅಕ್ಕನನ್ನು ನೋಡಲು ಬಂದವರ ಕಣ್ಣು ತಂಗಿಯ ಮೇಲೆ ಬೀಳಬಾರದೆಂದು ತಾಯಿ ಕದರಮ್ಮ ಶಿಲ್ಪಾಳನ್ನು ಪಕ್ಕದ ಮನೆಗೆ ಅಟ್ಟಿದ್ದಳು. ಅಷ್ಟರಲ್ಲಿ ಕಾಫಿಗಿಟ್ಟ ಹಾಲು ಒಡೆಯಿತು. ರಂಗಮ್ಮನೇ ಹಿತ್ತಲ ಗೋಡೆಯ ಮೇಲಿಂದ, "ಶಿಲ್ಪಾ, ಒಂದ್ ಚೊಂಬು ಹಾಲು ಇಸ್ಕೊಂಡ್ ಬಾರೇ" ಎಂದು ಕೂಗಿದಳು. ಶಿಲ್ಪಾ ಹಾಲು ಹಿಡಿದು ಮುಂಬಾಗಿಲಿನಿಂದಲೇ, ಬಂದವರೆಲ್ಲರ ಎದುರಿಗೆ ನಡೆದು ಬಂದಳು.

ಅಂದು ಸಂಜೆ ರಂಗಮ್ಮ, "ಕುದ್ರೆ ವಾಸ್ನೆ ಹೊಡೀತಾನೆ, ನಂಗ್ ಬ್ಯಾಡ" ಎಂದು ಮುಖ ತಿರುಗಿಸಿದಳು. ಅವಳನ್ನು ಗುಬ್ಬಿಯ ಗುಮಾಸ್ತ ಗಂಗಹನುಮಯ್ಯನಿಗೆ ಕೊಟ್ಟರು. ಅದಾದ ಮೇಲೆ ಅದೇ ಗಂಗರಾಜುವಿಗೆ ಶಿಲ್ಪಾಳನ್ನು ಕೊಟ್ಟರು.

ಗಂಗಹನುಮಯ್ಯ ಕೆಟ್ಟವನಲ್ಲ, ಪಾಪ. ಊಟಕ್ಕೆ ಕುಳಿತರೆ "ಸಾರು" ಅನ್ನುತ್ತಾನೆ, ಎದ್ದರೆ "ಟವೆಲ್ಲು" ಅನ್ನುತ್ತಾನೆ. ಗಂಗರಾಜು ಹಾಗಲ್ಲ, ಹೆಂಡತಿ ಮಾತಾಡುವಾಗ ಕೈಯಲ್ಲಿನ ಕೆಲಸ ಬಿಟ್ಟು ಅವಳ ಮುಖ ನೋಡುತ್ತಾನೆ. ಅದನ್ನು ಕಂಡಾಗಲೆಲ್ಲ ರಂಗಮ್ಮನ ಕಣ್ಣಿಗೆ ಖಾರದಪುಡಿ ಬಿದ್ದಂತಾಗುತ್ತಿತ್ತು. ಆ ನೋಟ ತನ್ನದಾಗಬೇಕಿತ್ತು. ಉಳಿದಿದ್ದ ಒಂದೇ ಸಮಾಧಾನವೆಂದರೆ, ಬಿಟ್ಟವಳು ತಾನು. ಮದುವೆ, ನಾಮಕರಣ, ತಿಥಿ, ಎಲ್ಲಿ ನಾಲ್ಕು ಜನ ಸಿಕ್ಕರೂ ಅದನ್ನು ಹೇಳದೆ ಅವಳು ಎಲೆಯ ಮುಂದೆ ಕೂರುತ್ತಿರಲಿಲ್ಲ.

ಹೋದ ತಿಂಗಳು ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಶಿಲ್ಪಾಳ ಹೊಸ ಮನೆಯ ಗೃಹಪ್ರವೇಶ. ಹಾಲುಕ್ಕಿಸಿದ್ದಾಯಿತು. ಒಲೆಯ ಬಿಸಿಗೆ ಬೆವೆತ ಹೆಂಡತಿಯ ಹಣೆಯನ್ನು ಗಂಗರಾಜು ತನ್ನ ಹೊಸ ಶಲ್ಯದ ತುದಿಯಿಂದ ಒರೆಸಿದ, ಅದೂ ನೆಂಟರೆಲ್ಲ ನೋಡುತ್ತಿರುವಾಗ. ರಂಗಮ್ಮನಿಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಸೋದರತ್ತೆ ಪುಟ್ಟಗಂಗಮ್ಮನಿಗೆ, "ನಾನ್ ಬ್ಯಾಡ ಅಂತ ಬಿಟ್ಟಿದ್ದು ಕಣತ್ತೆ, ಇವ್ಳು ಕಟ್ಕೊಂಡ್ಳು" ಎಂದಳು.

ಕದರಮ್ಮನಿಗೆ ರೇಗಿತು. ಪುಟ್ಟಗಂಗಮ್ಮ ಹೊರಗೆ ಹೋಗುವವರೆಗೂ ಕಾದು, ದೊಡ್ಡ ಮಗಳನ್ನು ಅಡುಗೆಮನೆಯ ಮೂಲೆಗೆ ಎಳೆದಳು.

"ಸಾಕು ಬುಡು ರಂಗಿ. ನೀನು ಬ್ಯಾಡ ಅನ್ನೋಕ್ ಮುಂಚೇನೇ, ಹಾಲು ತಂದ ಹುಡ್ಗೀನ ಕೊಡ್ತೀರಾ ಅಂತ ಕೇಳಿ ಹೋಗಿದ್ರು ಗಂಡಿನೋರು. ನಿನ್ ಮೊಖ ನೋಡಿ ನಾನೇ ಬಾಯ್ ಮುಚ್ಕಂಡಿದ್ದೆ."

"ಅಮ್ಮ, ಸುಮ್ನಿರು" ಎಂದಳು ಒಲೆಯ ಬಳಿಯಿದ್ದ ಶಿಲ್ಪಾ.

ರಂಗಮ್ಮ ತಿರುಗಿ ನೋಡಿದಳು, ತಂಗಿಯ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಹಾಗಾದರೆ ಇವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಅಷ್ಟು ಮದುವೆ, ಅಷ್ಟು ನಾಮಕರಣಗಳಲ್ಲಿ ತನ್ನ ಜಂಬವನ್ನು ಕೇಳಿಕೊಂಡು ಸುಮ್ಮನೆ ಬಡಿಸಿದ್ದಳು.

"ಏನಂತೆ ನಿಮ್ಮಮ್ಮಂದು?" ಪುಟ್ಟಗಂಗಮ್ಮ ಬಾಗಿಲಲ್ಲಿ ಇಣುಕಿದಳು.

"ಏನಿಲ್ಲ ಅತ್ತೆ" ಎಂದು ಶಿಲ್ಪಾ ನಕ್ಕಳು. "ಅಕ್ಕ ಬ್ಯಾಡ ಅಂದಿದ್ದಕ್ಕೇ ಇವ್ರು ನಂಗೆ ಸಿಕ್ಕಿದ್ದು ಅಂತ ಹೇಳ್ತಿದ್ಲು."

ರಂಗಮ್ಮ ತಲೆ ಎತ್ತಲಿಲ್ಲ. ಗಂಡು ತಂಗಿಯ ಪಾಲಾಯಿತು, ಹೋಗಲಿ. ಇಂಥ ಮನಸ್ಸನ್ನೂ ದೇವರು ಅವಳಿಗೇ ಕೊಟ್ಟನಲ್ಲ ಎಂದು ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯಿತು.