ನಾನು ಎದ್ದು ನಿಂತದ್ದು ಬೇರೆಯವರ ಕವಿತೆಗೆ

ಈ ಪುಸ್ತಕದ ಮೊದಲ ಪುಟದಲ್ಲಿರುವ ಕವಿತೆ ನನ್ನದಲ್ಲ. ಒಂಬತ್ತು ವರ್ಷ ಅದನ್ನು ನನ್ನದೆಂದು ಹೇಳಿಕೊಂಡು ಬಂದೆ — ರೋಣದಲ್ಲಿ, ನರಗುಂದದಲ್ಲಿ, ಗಜೇಂದ್ರಗಡದಲ್ಲಿ. ಒಂದು ಸಲ ಹೆಗಲ ಮೇಲೆ ಸನ್ಮಾನದ ಶಾಲು ಇಟ್ಟುಕೊಂಡೂ ಹೇಳಿದೆ. ಅದನ್ನು ಬರೆದವಳು ಚಿಕ್ಕನರಗುಂದದ ನೀಲವ್ವ. ನಾನು ಬರೀ ಎದ್ದು ನಿಂತವನು.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಹೊರಗೆ ಹೋಗಿ ನೀರು ಕುಡಿದು ಬಂದು ನೋಡಿದೆ. ಸಾಲುಗಳು ಹಾಗೇ ಇವೆ. ದಿನವಿಡೀ ನೇಯ್ದು ಸಂಜೆ ಮಗ್ಗದ ಕುಣಿಯಿಂದ ಕಾಲು ಮೇಲೆತ್ತಿದಾಗ ಮೊಣಕಾಲಿಗೆ ಒಂದು ಹಗುರ ಸಿಗುತ್ತದೆ — ಅಂಥದ್ದು ಈಗ ಎದೆಗೆ ಸಿಕ್ಕಿದೆ. ಈ ಹಗುರಕ್ಕೆ ನಾನು ಯೋಗ್ಯನೋ ಅಲ್ಲವೋ, ಅದು ಬೇರೆ ಮಾತು.

ನಾನು ಗಜೇಂದ್ರಗಡದ ನೇಕಾರ. ನಾಲ್ಕನೇ ಇಯತ್ತೆ ಮುಗಿಯುವ ಮೊದಲೇ ಅಪ್ಪ ಸಾಲಿ ಬಿಡಿಸಿ ಮಗ್ಗಕ್ಕೆ ಕೂರಿಸಿದ. ಅದರ ಬೇಸರ ನನಗಿಲ್ಲ. ನನ್ನ ಕೈಯ ಸೀರೆಯಲ್ಲಿ ಒಂದು ಎಳೆ ತಪ್ಪಿದೆ ಎಂದು ಇವತ್ತಿನವರೆಗೆ ಯಾರೂ ತೋರಿಸಿಲ್ಲ. ಯಾರ ಬಾಗಿಲಿಗೂ ಕೈಚಾಚಿ ಹೋದವನಲ್ಲ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ — ಅಲ್ಲ, ದೊಡ್ಡಸ್ತಿಕೆಗೇ ಹೇಳುತ್ತಿದ್ದೇನೆ. ಅದು ನನ್ನಲ್ಲಿ ಮೊದಲಿನಿಂದ ಇದೆ. ಅದಿಲ್ಲದಿದ್ದರೆ ಅವತ್ತು ನಾನು ಏಳುತ್ತಿರಲಿಲ್ಲ.

ನಮ್ಮ ಕವಿ ಬಳಗದ ಪದ್ಧತಿ ಗೊತ್ತಿಲ್ಲದವರಿಗೆ ಒಂದು ಮಾತು. ತಿಂಗಳಿಗೊಂದು ರವಿವಾರ ಸೇರುತ್ತೇವೆ. ಒಂದು ತಿಂಗಳು ರೋಣ, ಮರು ತಿಂಗಳು ನರಗುಂದ, ಆಮೇಲೆ ಗಜೇಂದ್ರಗಡ. ಕವಿತೆಯ ಮೇಲೆ ಹೆಸರು ಬರೆಯುವಂತಿಲ್ಲ. ಹಾಳೆ ಮಡಚಿ ಒಂದು ಹಳೆಯ ಹಿತ್ತಾಳೆಯ ಸೇರಿನಲ್ಲಿ ಹಾಕಬೇಕು. ಆ ಊರಿನವರೊಬ್ಬರು ಒಂದೊಂದೇ ತೆಗೆದು ಓದುತ್ತಾರೆ. ಹೊಗಳುವವರು ಹೊಗಳಬಹುದು, ಬೈಯುವವರು ಬೈಯಬಹುದು. ಒಂದೊಂದರ ಮಾತು ಮುಗಿದ ಮೇಲೂ ನಮ್ಮ ಹಿರಿಯರಾದ ರೋಣದ ಮಾಸ್ತರು — ಸಾಲಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು — ‘ಯಾರದಿದು?’ ಎಂದು ಕೇಳುತ್ತಾರೆ. ಬರೆದವರು ಏಳಬೇಕು. ಏಳಲು ಮನಸ್ಸಿಲ್ಲದಿದ್ದರೆ ಒತ್ತಾಯವಿಲ್ಲ. ಹಾಳೆ ಮಾಸ್ತರ ಚೀಲಕ್ಕೆ ಹೋಗುತ್ತದೆ. ಹೆಸರು ಮೊದಲೇ ಗೊತ್ತಾದರೆ ಸಾಹುಕಾರನ ಕವಿತೆಗೆ ಚಪ್ಪಾಳೆ, ಬಡವನ ಕವಿತೆಗೆ ಬುದ್ಧಿಮಾತು ಸಿಗುತ್ತದೆ ಎಂದು ಮಾಸ್ತರೇ ಮಾಡಿದ ಪದ್ಧತಿ ಇದು.

ಆದರೂ ನನ್ನ ಕವಿತೆ ಎಂದು ಗೊತ್ತಾದ ಕೂಡಲೇ ಯಾರಾದರೂ ಅನ್ನುತ್ತಿದ್ದರು: “ಸಾಲಿ ಕಲೀಲಾರದಾವ ಇಷ್ಟ ಬರೀತಾನಂದ್ರ ಅದ ದೊಡ್ಡದು ಬಿಡ್ರಿ.” ಅವರು ಪ್ರೀತಿಯಿಂದಲೇ ಅನ್ನುತ್ತಿದ್ದರು. ನನಗೆ ಆ ಪ್ರೀತಿ ಬೇಡವಾಗಿತ್ತು.

ಅವತ್ತು ನರಗುಂದದ ಸರದಿ. ಕಾಳಿನ ಅಡತಿ ವ್ಯಾಪಾರದ ಶೆಟ್ಟರ ಅಂಗಡಿಯ ಮಾಳಿಗೆ. ಕೆಳಗಿನಿಂದ ಕಡಲೆಯ ವಾಸನೆ, ಕಿಟಕಿಯಲ್ಲಿ ಗುಡ್ಡ. ಓದುವವರೂ ಶೆಟ್ಟರೇ. ಮೊದಲು ಕೈಗೆ ಬಂದದ್ದು ನನ್ನ ಹಾಳೆ. ನಮ್ಮೂರ ಗುಡ್ಡವನ್ನು ಆನೆಗೆ ಹೋಲಿಸಿ, ಎರಡು ತಿಂಗಳು ಕೂತು ದೊಡ್ಡ ದೊಡ್ಡ ಶಬ್ದ ಹುಡುಕಿ ಬರೆದಿದ್ದೆ. ‘ಓ ಗಜಗಿರಿಯೇ, ಘನಗಂಭೀರ ಗಂಡಾನೆಯೇ’ ಎಂದು ಅದರ ಮೊದಲ ಸಾಲು. ಶೆಟ್ಟರು ನಾಟಕದ ರಾಜನ ಧ್ವನಿ ತೆಗೆದು ಅದನ್ನು ಓದಿದರು, ಓದಿ ಕನ್ನಡಕ ಸರಿಸಿ ಅಂದರು: “ದೂರಿಂದ ನೋಡಿ ಗಂಡಾನಿ ಅಂತ ಹ್ಯಾಂಗ ಗೊತ್ತಾತ್ರಿ ಕವಿಗಳಿಗೆ?”

ಮಾಳಿಗೆ ಹಾರಿ ಹೋಗುವಷ್ಟು ನಗು. ನಾನೂ ನಕ್ಕೆ. ಮಾಸ್ತರು ನಗಲಿಲ್ಲ, “ಶಬ್ದ ಭಾಳ ಅದಾವು, ಜೀವ ಇಲ್ಲ” ಎಂದಷ್ಟೇ ಅಂದು ಕೇಳಿದರು — “ಯಾರದಿದು?”

ನಾನು ಏಳಲಿಲ್ಲ. ಅದು ತಪ್ಪಲ್ಲ, ಪದ್ಧತಿಯಲ್ಲಿ ಅವಕಾಶವಿದೆ. ಹಾಳೆ ಚೀಲಕ್ಕೆ ಹೋಯಿತು.

ಆಮೇಲೆ ಮೂರೋ ನಾಲ್ಕೋ ಓದಿದ ಬಳಿಕ ಶೆಟ್ಟರು ಇನ್ನೊಂದು ಹಾಳೆ ಬಿಚ್ಚಿದರು. ಈ ಸಲ ನಾಟಕದ ಧ್ವನಿ ತಾನಾಗಿಯೇ ಇಳಿಯಿತು.

ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ,
ಕುಣಿಕ್ಯಾಗ ಕುಣಿಕಿ ಹಾಕಿ ಕೂಡಿಸೀನಿ.
ಉಟ್ಟಾಕಿ ಸೆರಗ ನೋಡ್ತಾಳ, ಒಡಲ ನೋಡ್ತಾಳ,
ಕೂಡಿದ ಜಾಗಾದಾಗ ಬೆರಳ ಉರಿ ಇಟ್ಟೀನಿ.

ಮಗ್ಗಕ್ಕೆ ಉದ್ದಕ್ಕೆ ಹೂಡುವ ಎಳೆಗಳಿಗೆ ಹಾಸು ಅನ್ನುತ್ತೇವೆ; ನಮ್ಮ ಸೀರೆಯ ಒಡಲಿಗೆ ಒಂದು ಹಾಸು, ಸೆರಗಿಗೆ ಬೇರೆ ಹಾಸು. ಎರಡನ್ನೂ ಒಂದೊಂದೇ ಎಳೆಯ ಕುಣಿಕೆ ಹಾಕಿ ಕೂಡಿಸಬೇಕು. ಸಾವಿರಾರು ಎಳೆ. ಅದನ್ನೇ ಬರೆದಿದ್ದರು. ಓದಿ ಮುಗಿದಾಗ ಎಲ್ಲರೂ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಆ ಮಾಳಿಗೆಯಲ್ಲಿ ಅವರಿಗೆ ಗೊತ್ತಿದ್ದ ನೇಕಾರ ನಾನೊಬ್ಬನೇ. ಮಾಸ್ತರು ‘ಯಾರದಿದು?’ ಎಂದದ್ದೂ ನನ್ನನ್ನೇ ನೋಡಿ.

ಹೆಂಗಸರ ಸಾಲಿನಲ್ಲಿ ಒಬ್ಬಳು ಅರ್ಧ ಎದ್ದಿದ್ದಳು. ನೋಡಿದೆ. ಒಂದು ಕೈ ನೆಲಕ್ಕೆ ಊರಿದ್ದಳು, ಇನ್ನೊಂದು ಸೆರಗಿನ ಮೇಲಿತ್ತು. ನೀಲವ್ವ — ನಮ್ಮ ಓಣಿಯ ನೇಕಾರರ ಮಗಳು, ಚಿಕ್ಕನರಗುಂದಕ್ಕೆ ಮದುವೆಯಾಗಿ ಹೋದವಳು. ಗಂಡನ ಮನೆಯವರು ಮಗ್ಗ ಬಿಟ್ಟು ಹೊಲ ಹಿಡಿದವರು. ಮೊದಲ ಸಲ ಬಂದಿದ್ದಳು. ಅವಳು ಪೂರ್ತಿ ಏಳುವುದಕ್ಕೆ ಇನ್ನೊಂದು ಉಸಿರಿನಷ್ಟು ಹೊತ್ತು ಬೇಕಾಗಿತ್ತು.

“ನಂದ್ರಿ,” ಎಂದೆ. ಎದ್ದು ಕೈ ಮುಗಿದೆ.

ಅವಳು ಕೂತಳು.

ಯಾಕೆ ಎಂದರೆ — ಆ ಆನೆ, ಆ ನಗು, ‘ಸಾಲಿ ಕಲೀಲಾರದಾವ’ — ಏನೇನೋ ಹೇಳಬಹುದು. ಹೇಳಿದರೆ ಕಾರಣದ ಹಾಗೆ ಕೇಳಿಸುತ್ತದೆ. ಕಾರಣವಲ್ಲ ಅದು. ಅವಳನ್ನು ನೋಡಿಯೂ ಅಂದೆ, ಅಷ್ಟೇ.

ಸಂಜೆ ಮನೆಗೆ ಬಂದು ಹೆಂಡತಿ ಗಂಗವ್ವನ ಮುಂದೆ ಆ ಸಾಲು ಹೇಳಿದೆ. ಎಂಥ ಭಂಡತನ ನೋಡಿ. ಅವಳು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ರಾಟೆ ನಿಲ್ಲಿಸಿ ಪೂರ್ತಿ ಕೇಳಿದಳು.

“ಭಾಳ ಚಲೋ ಐತಿ,” ಅಂದಳು. ಸ್ವಲ್ಪ ತಡೆದು, “ನಿಮ್ಮ ಬೆರಳ ಯಾವಾಗ ಉರದಿದ್ವು?”

ನಮ್ಮ ಓಣಿಯಲ್ಲಿ ಎಳೆ ಕೂಡಿಸುವುದು ಹೆಂಗಸರ ಕೆಲಸ. ನನ್ನ ಮದುವೆಯಾದಾಗಿನಿಂದ ನನ್ನ ಮಗ್ಗದ ಒಂದೊಂದು ಸೀರೆಯ ಸೆರಗನ್ನೂ ಕೂಡಿಸಿದವಳು ಅವಳು. ನಾನು ಲಾಳಿ ಒಗೆಯುವವನು. ಮಾಳಿಗೆಯ ತುಂಬ ಓದಿಕೊಂಡವರಿದ್ದರು, ಒಬ್ಬರಿಗೂ ಅದು ಹೊಳೆದಿರಲಿಲ್ಲ. ಅವಳಿಗೆ ನಾಲ್ಕೇ ಸಾಲಿಗೆ ಗೊತ್ತಾಯಿತು. ಮತ್ತೆ ಏನೂ ಕೇಳಲಿಲ್ಲ. ಆದರೆ ಹೊಸ ಹಾಸು ಬಂದಾಗಲೆಲ್ಲ ಕರೆಯುತ್ತಿದ್ದಳು: “ಬರ್ರಿ ಕವಿಗಳ, ಎಳಿ ಕೂಡಸೂಣು.” ನಾನು ಕೇಳಿಸದವನ ಹಾಗೆ ಲಾಳಿ ಒಗೆಯುತ್ತಿದ್ದೆ.

ನೀಲವ್ವ ಬಳಗಕ್ಕೆ ಮತ್ತೆ ಬರಲಿಲ್ಲ. ಮೊದಮೊದಲು ಬಾಗಿಲ ಕಡೆ ನೋಡುತ್ತಿದ್ದೆ — ಬಂದಾಳೆಂಬ ಹೆದರಿಕೆಯಿಂದ. ಬರದೇ ಇದ್ದಾಗ ಸಮಾಧಾನ. ಅದನ್ನೂ ಬರೆದುಬಿಡುತ್ತೇನೆ: ಸಮಾಧಾನವಾಗಿತ್ತು. ಆ ಕವಿತೆಗೆ ಸಮವಾದದ್ದನ್ನು ಮತ್ತೆ ನಾನು ಬರೆಯಲಿಲ್ಲ. ಯಾರೂ ಕೇಳಲೂ ಇಲ್ಲ. ಶೆಟ್ಟರು ಮಾತ್ರ ಯಾರಾದರೂ ದೊಡ್ಡ ಶಬ್ದ ಬಳಸಿದರೆ “ಆನಿ ಬಂತ, ಹಾದಿ ಬಿಡ್ರಿ” ಅನ್ನುತ್ತಿದ್ದರು. ಬಳಗ ನಗುತ್ತಿತ್ತು. ಅವರ ಜೊತೆ ನಾನೂ ನನ್ನ ಆನೆಗೆ ಒಂಬತ್ತು ವರ್ಷ ನಕ್ಕೆ.

ಕಳೆದ ತಿಂಗಳು ಮಾಸ್ತರು ಮನೆಗೇ ಬಂದರು. ಕಣ್ಣು ಮಂಜಾಗಿವೆ, ಮೊಮ್ಮಗಳ ಕೈ ಹಿಡಿದು ಬಂದಿದ್ದರು. “ವೀರಣ್ಣ, ಬಳಗದ ಪುಸ್ತಕ ಅಚ್ಚಿಗೆ ಹೊಂಟೈತಿ. ನಿನ್ನ ಕವಿತಿ ಮೊದಲನೇ ಪುಟಕ್ಕ. ಅದು ಹ್ಯಾಂಗ ಹುಟ್ತು ಅಂತ ಎರಡು ಪುಟ ಬರದ ಕೊಡು.”

ಮೂರು ದಿನ ಹಾಳೆ ಹಿಡಿದು ಕೂತೆ. ಹುಟ್ಟಿದ ಕಥೆ ಕಟ್ಟಬೇಕು. ಏನು ಬರೆಯಹೋದರೂ ಗಂಗವ್ವನ ಬೆರಳೇ ಬರುತ್ತಿದ್ದವು, ನನ್ನವು ಒಂದೂ ಬರಲಿಲ್ಲ. ನಾಲ್ಕನೇ ದಿನ ಅವಳೇ ಅಂದಳು: “ಹ್ಯಾಂಗ ಹುಟ್ತು ಅಂತ ಹೆತ್ತಾಕಿನ್ನ ಕೇಳ್ರಿ. ಯಾರಂತ ಗೊತ್ತೈತೇನ?”

“ಗೊತ್ತೈತಿ.”

“ಮತ್ತ ಎದ್ದೇಳ್ರಿ. ನರಗುಂದದ ಬಸ್ಸ ಹನ್ನೊಂದಕ್ಕೈತಿ.”

ನರಗುಂದದಲ್ಲಿಳಿದು ಟಂಟಂ ಹತ್ತಿ ಚಿಕ್ಕನರಗುಂದಕ್ಕೆ ಹೋದೆ. ನೀಲವ್ವ ಪಡಸಾಲೆಯಲ್ಲಿ ಕಡಲೆ ಕೇರುತ್ತಿದ್ದಳು. ಗಂಡ ಬಸವರಾಜ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ.

“ಬರ್ರಿ ಕಾಕಾ,” ಎಂದು ಎದ್ದು ನೀರು ತಂದಿಟ್ಟು ಮತ್ತೆ ಮೊರ ಹಿಡಿದಳು. ನಾನು ತಂಬಿಗೆ ಮುಟ್ಟಲಿಲ್ಲ.

“ನೀಲವ್ವ, ಆ ಕವಿತಿ ನಿಂದು. ಅವತ್ತ ನಾ ಸುಳ್ಳ ಹೇಳಿದೆ. ನೀ ಎದ್ದದ್ದು ನೋಡಿದ್ದೆ.”

ಮೊರ ನಿಂತಿತು. ಅವಳು ನನ್ನನ್ನು ನೋಡಲೇ ಇಲ್ಲ. ಗಂಡನ ಕಡೆ ತಿರುಗಿ, “ಕೇಳಿದ್ರಿ?” ಎಂದಳು. ಅಷ್ಟೇ.

ಬಸವರಾಜ ಹಗ್ಗ ಕೆಳಗಿಟ್ಟ. “ಮತ್ತ ಆ ಆನೀದು?”

“ಅದೂ... ಅದು ನಂದು,” ಎಂದೆ.

ಅವನ ಮುಖ ಇಳಿದುಹೋಯಿತು. ಯಾಕೆಂದು ನನಗೆ ತಿಳಿಯಲಿಲ್ಲ. ಅವನೇ ಹೇಳಿದ. ಅವತ್ತು ಅವಳನ್ನು ಕರೆತಂದವನು ಅವನು. ಅವಳು ಸೇರಿಗೆ ಹಾಳೆ ಹಾಕಿದ್ದನ್ನು ಕಂಡಿದ್ದ, ಅದರಲ್ಲಿ ಏನಿದೆ ಎಂದು ಮಾತ್ರ ಅವಳು ತೋರಿಸಿರಲಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಕೇಳಿದ್ದ. ವಾಪಸ್ಸು ಹೋಗುವಾಗ ಅವಳು ಎಳೆಯ ಕವಿತೆ ತನ್ನದೆಂದಳು. “ನಾ ನಂಬಲಿಲ್ರಿ. ಅಷ್ಟ ಮಂದ್ಯಾಗ ಹಿರ್ಯಾರು ಎದ್ದ ತಮ್ದಂದಾರ. ಯಾರೂ ಏಳಲಾರದ್ದು ಅಂದ್ರ ಆ ಆನೀದೊಂದ. ಅಂದ್ರ ಅದ ಇಕೀದು, ನಗ್ತಾರಂತ ಎದ್ದಿಲ್ಲ, ಈಗ ಚಲೋದು ನಂದಂತಾಳ — ಹಿಂಗ ತಿಳಕೊಂಡೆ. ಅವತ್ತಿಂದ ಈ ಮನ್ಯಾಗ ಇಕಿ ಹೆಸರ ಆನಿ.”

ನಾನು ಒಂದು ಕಳವು ಮಾಡಿದ್ದೇನೆಂದು ತಿಳಿದಿದ್ದೆ. ಎರಡು ಮಾಡಿದ್ದೆ. ಅವಳದನ್ನು ತೆಗೆದುಕೊಂಡದ್ದಲ್ಲದೆ, ನಾನು ಕೈಬಿಟ್ಟ ಕವಿತೆಯನ್ನು ಅವಳ ತಲೆಗೆ ಕಟ್ಟಿದ್ದೆ. ಅವಳದೇ ಮನೆಯಲ್ಲಿ ಅವಳನ್ನು ಸುಳ್ಳಿ ಮಾಡಿದ್ದೆ.

ನೀಲವ್ವ ನಗುತ್ತಿದ್ದಳು. ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಮುಂದ ಏನಾರ ಬರದ್ಯಾ, ಯವ್ವಾ?” ಎಂದು ಕೇಳಿದೆ.

“ಎರಡ ಬರದಿದ್ದೆ. ಪೆನ್ನು ಹಿಡದ್ರ ಸಾಕು, ಇವರು ಆನಿ ಬಂತು ಅಂತಿದ್ರು. ಬಿಟ್ಟೆ.”

ಬಸವರಾಜ ತಲೆ ಎತ್ತಲಿಲ್ಲ. ನಾನೂ.

ಕ್ಷಮಿಸು ಎಂದು ಕೇಳಲು ಹೋಗಿದ್ದವನು ಕೇಳಲಿಲ್ಲ. ತವರಿನ ಕಡೆಯ ಹಿರಿಯ ಮನೆಗೆ ಬಂದು ಕೇಳಿದರೆ ಅವಳು ಹೂಂ ಅನ್ನಲೇಬೇಕಾಗುತ್ತಿತ್ತು. ಹಾಗೆ ಕಸಿದುಕೊಳ್ಳುವುದು ಮೂರನೆಯ ಕಳವಾಗುತ್ತಿತ್ತು. ಪುಸ್ತಕದ ಸುದ್ದಿ ಹೇಳಿ, ಏನು ಮಾಡಲಿ ಎಂದೆ.

ಅವಳು ಮೊರದಲ್ಲಿನ ಕಲ್ಲು ಆರಿಸುತ್ತ ಯೋಚಿಸಿದಳು. “ನನ್ನ ಹೆಸರ ಹಾಕ್ರಿ. ಎದುರಿನ ಪುಟಕ್ಕ ನಿಮ್ಮ ಆನೀನೂ ಹಾಕ್ರಿ, ನಿಮ್ಮ ಹೆಸರ ಹಚ್ಚಿ. ಒಂದಕ್ಷರಾ ತಿದ್ದಬಾರದು ನೋಡ್ರಿ ಕಾಕಾ.” ಆಮೇಲೆ, “ನೀರ ಕುಡೀರಿ ಈಗ,” ಎಂದಳು.

ಕುಡಿದೆ.

ಮುಂದಿನ ಸಭೆ ರೋಣದಲ್ಲಿತ್ತು. ಎಲ್ಲರ ಮುಂದೆ ಹೇಳಿದೆ. ಕೆಲವರು ನನ್ನ ಮುಖ ನೋಡಲಿಲ್ಲ, ಇನ್ನೂ ನೋಡುವುದಿಲ್ಲ; ಅದು ನ್ಯಾಯವೇ. ಮಾಸ್ತರು ಚೀಲ ತರಿಸಿ, ಯಾರೂ ಏಳದ ಹಾಳೆಗಳ ಕಟ್ಟು ಬಿಚ್ಚಿಸಿದರು. ಮೊಮ್ಮಗಳು ಒಂದೊಂದರ ಮೊದಲ ಸಾಲು ಓದುತ್ತ ಹೋಗಿ ಗಂಡಾನೆಯ ಹತ್ತಿರ ನಿಂತಳು. ಮಾಸ್ತರು ಸಾಲಿಯಲ್ಲಿ ಹಾಜರಿ ಕೂಗುವ ಧ್ವನಿಯಲ್ಲಿ ಕೇಳಿದರು:

“ಯಾರದಿದು?”

“ನಂದ್ರಿ,” ಎಂದು ಎದ್ದು ನಿಂತೆ.

“ಅಂತೂ ಆನಿಗೆ ಮಾವುತ ಸಿಕ್ಕ,” ಅಂದರು ಶೆಟ್ಟರು.

ನೀಲವ್ವ ಆ ಸಭೆಗೆ ಬಂದಿರಲಿಲ್ಲ. ನರಗುಂದದ ಸಭೆಗೆ ಬರುತ್ತಾಳೋ ಗೊತ್ತಿಲ್ಲ. ಬಸವರಾಜ ನೂರು ಹಾಳೆಯ ವಹಿ ತಂದು ಕೊಟ್ಟಿದ್ದಾನಂತೆ. ಅದು ಇನ್ನೂ ಖಾಲಿ ಇದೆಯಂತೆ. ಒಂಬತ್ತು ವರ್ಷದಲ್ಲಿ ಅವಳು ಬರೆಯಬಹುದಾಗಿದ್ದ ಕವಿತೆಗಳನ್ನು ನಾನು ಎಲ್ಲಿಂದ ತಂದು ಕೊಡಲಿ? ನನ್ನ ಎದೆ ಹಗುರಾದರೆ ಅವು ಬಂದುಬಿಡುವುದಿಲ್ಲ.

ಈಗ ಹೊಸ ಹಾಸು ಬಂದರೆ ಗಂಗವ್ವನ ಪಕ್ಕದಲ್ಲಿ ಕೂತು ಎಳೆ ಕೂಡಿಸುತ್ತೇನೆ. ನನ್ನ ಕುಣಿಕೆ ಸಡಿಲ ಎಂದು ಬಿಚ್ಚಿ ಮತ್ತೆ ಹಾಕುತ್ತಾಳೆ. ಬೆರಳು ಉರಿಯುತ್ತವೆ. ನೀಲವ್ವ ಬರೆದದ್ದು ಖರೇ.

ಮೊದಲ ಪುಟದ ಕವಿತೆಯನ್ನು ಎರಡು ಸಲ ಓದಿ. ಎದುರಿನ ಪುಟದಲ್ಲಿ ಒಂದು ಆನೆ ನಿಂತಿದೆ. ಒಂದಕ್ಷರ ತಿದ್ದಿಲ್ಲ. ಓದುವಾಗ ನಗು ಬಂದರೆ ತಡೆದುಕೊಳ್ಳಬೇಡಿ. ಅದು ನನ್ನದು.