ಕಿಂಡಿಯ ಧೂಳು

ಆ ಬೀದಿಯ ಫೋಟೊಗ್ರಾಫರನಿಗೆ ಒಕ್ಕಣ್ಣ ಎಂಬ ಅಡ್ಡಹೆಸರು. ಕಣ್ಣೇನೂ ಹೋಗಿರಲಿಲ್ಲ. ಹರೆಯದಿಂದ ಕ್ಯಾಮೆರಾದ ಕಿಂಡಿಗೆ ಬಲಗಣ್ಣು ಒತ್ತಿ, ಎಡಗಣ್ಣು ಮುಚ್ಚಿ ದುಡಿದವನು. ಹಾಗಾಗಿ ತರಕಾರಿ ಕೊಳ್ಳುವಾಗಲೂ, ಹೆಂಡತಿಯ ಜೊತೆ ಜಗಳವಾಡುವಾಗಲೂ ಎಡ ರೆಪ್ಪೆ ತಾನಾಗಿ ಅರ್ಧ ಇಳಿಯುತ್ತಿತ್ತು. ಕಣ್ಣು ಹೊಡೆದನೆಂದು ಹೊಸಬರು ಮುನಿಸಿಕೊಂಡದ್ದೂ ಉಂಟು. ಅವನೂ ನಗುತ್ತಿದ್ದ, ಊರೂ ನಗುತ್ತಿತ್ತು. ಕೆಲವು ಹೆಸರುಗಳನ್ನು ತಮಾಷೆಗೂ ಇಡಬಾರದು ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಅವನ ಚೀಲದಲ್ಲಿ ಅರ್ಧ ಸಂಸಾರವೇ ಇರುತ್ತಿತ್ತು. ಒಂದು ದಪ್ಪ ಕ್ಯಾಮೆರಾ, ಮೊಳದುದ್ದದ ಲೆನ್ಸು, ಫ್ಲ್ಯಾಶು, ಮೇಲೆ ಕಬ್ಬಿಣದ ಸ್ಟ್ಯಾಂಡು. ಶಾಲೆಗಳ, ಆಫೀಸುಗಳ ಗುಂಪುಚಿತ್ರಕ್ಕೆಂದು ಅದನ್ನು ಹೊತ್ತು ಹೊತ್ತು ಎಡ ಹೆಗಲಲ್ಲಿ ಗುಂಡಿ ಬಿದ್ದಿತ್ತು. "ಚಿಕ್ಕ ಕೆಲಸಕ್ಕೆ ಒಂದು ಚಿಕ್ಕ ಕ್ಯಾಮೆರಾ ತಗೊಳ್ರೀ, ಜೇಬಲ್ಲಿ ಹಾಕ್ಕೊಂಡು ಹೋಗ್ಬಹುದು," ಎಂದು ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ ವರ್ಷದಿಂದ ಹೇಳುತ್ತಿದ್ದಳು. ಅವನೋ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಆ ವರ್ಷವೇ ದೊಡ್ಡ ಕ್ಯಾಮೆರಾದ ಕಿಂಡಿಯೊಳಗೆ ಒಂದು ಕಪ್ಪು ಚುಕ್ಕೆ ಕಾಣಿಸಿಕೊಂಡಿತು. ಮೊದಲು ಸಾಸಿವೆಯಷ್ಟು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿದ, ಗಾಳಿ ಊದಿದ. ಹೋಗಲಿಲ್ಲ. ಅವನು ಬಿಟ್ಟುಬಿಟ್ಟ. ಯಾಕೆಂದರೆ ಕಿಂಡಿಯಲ್ಲಿ ಕೂತ ಧೂಳು ಫೋಟೊದಲ್ಲಿ ಬರುವುದಿಲ್ಲ, ಇದು ಆ ಕಸುಬಿನವರೆಲ್ಲ ಬಲ್ಲ ಮಾತು. ಇದೂ ಬರುತ್ತಿರಲಿಲ್ಲ. "ಫೋಟೊಗೆ ಬರದ ಧೂಳಿಗೆ ಯಾಕೆ ತಲೆ ಕೆಡಿಸ್ಕೋಬೇಕು?" ಎನ್ನುತ್ತಿದ್ದ. ಚುಕ್ಕೆ ಹೆಸರುಕಾಳಿನಷ್ಟಾಯಿತು. ಆಮೇಲೆ ಹುಣಸೆಬೀಜದಷ್ಟು.

ಒಂದು ಆಫೀಸಿನವರು ಗುಂಪುಚಿತ್ರ ವಾಪಸ್ ತಂದು, "ಮಧ್ಯದಲ್ಲೇ ಕೂತ ನಮ್ಮ ಸಾಹೇಬ್ರು ನಿದ್ದೆ ಮಾಡ್ತಿದಾರಲ್ಲ ಸ್ವಾಮಿ," ಎಂದು ನಕ್ಕರು. ಐವತ್ತು ಜನರ ನಡುವೆ ಒಬ್ಬ ರೆಪ್ಪೆ ಮಿಟುಕಿಸಿದರೂ ಹಿಡಿಯುತ್ತಿದ್ದವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ದೊಡ್ಡ ಕ್ಯಾಮೆರಾಕ್ಕೆ ವಯಸ್ಸಾಯಿತು ಎಂದು ಅದನ್ನೇ ಬೈದು, ಮರುದಿನ ಹೆಂಡತಿಯನ್ನು ಕರೆದುಕೊಂಡು ಕ್ಯಾಮೆರಾ ಅಂಗಡಿಗೆ ಹೊರಟ.

ಅಂಗಡಿಯವನು ಹಳೆಯ ಗೆಳೆಯ. ಮೊದಲು ತೋರಿಸಿದ್ದು ಬೆನ್ನಿಗೆ ಪರದೆಯಷ್ಟೇ ಇದ್ದ ಅಗ್ಗದ ಕ್ಯಾಮೆರಾ. "ತಟ್ಟೆ ಚಾಚಿದ ಹಾಗೆ ಕೈ ಚಾಚಿ ಫೋಟೊ ತೆಗೀಲಾ? ಕಿಂಡಿ ಇರೋದು ಕೊಡು," ಎಂದ ಒಕ್ಕಣ್ಣ. ಕಿಂಡಿಯಿದ್ದ ಪುಟ್ಟ ಕ್ಯಾಮೆರಾ ಬಂತು. ಅಂಗೈಗೆ ಹೇಳಿಮಾಡಿಸಿದಂತಿತ್ತು. ಕಣ್ಣಿಗಿಟ್ಟವನು ತಟ್ಟನೆ ಇಳಿಸಿದ.

"ಇದ್ರಲ್ಲೂ ಧೂಳಿದೆಯಲ್ಲೋ."

"ಯಾರೋ ಬಳಸಿ ಕೊಟ್ಟಿದ್ದು ಅಣ್ಣಾ, ಇರಬಹುದು." ಅಂಗಡಿಯವನು ಒಳಗಿನಿಂದ ಹೊಸದೊಂದನ್ನು ತಂದು, ಅಂಟು ಕಿತ್ತು, ಡಬ್ಬಿಯಿಂದ ತೆಗೆದುಕೊಟ್ಟ.

ಅದರಲ್ಲೂ ಇತ್ತು. ಅದೇ ಕಪ್ಪು, ಅಷ್ಟೇ ಗಾತ್ರ.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಎಂದು ಹೆಂಡತಿ ಕಿಸಕ್ಕನೆ ನಕ್ಕು, ತಾನೇ ಕ್ಯಾಮೆರಾ ಇಸಿದುಕೊಂಡು ನೋಡಿದಳು. "ಕನ್ನಡಿ ಹಂಗಿದೆ ಕಣ್ರೀ. ಯಾವ ಧೂಳು?" ಅಂಗಡಿಯವನೂ ನೋಡಿದ. ಏನೂ ಇಲ್ಲವೆಂದು ತಲೆಯಾಡಿಸಿದ.

ಒಕ್ಕಣ್ಣ ಮತ್ತೆ ಕಿಂಡಿಗೆ ಕಣ್ಣಿಟ್ಟ. ಎದುರು ಗೋಡೆಯ ಗಡಿಯಾರ ನೋಡಿದ. ಚುಕ್ಕೆ ಗಡಿಯಾರದ ಮೇಲೆ ಕೂತಿತು. ಕ್ಯಾಮೆರಾ ಅಲುಗಿಸದೆ ಕಣ್ಣಷ್ಟೇ ಹೊರಳಿಸಿ ಪಕ್ಕದ ಬಾಗಿಲ ಚಿಲಕ ನೋಡಿದ, ಚುಕ್ಕೆ ಅಲ್ಲಿಗೂ ಬಂತು. ಧೂಳು ಕೂತ ಜಾಗ ಬಿಟ್ಟು ಕದಲುವುದಿಲ್ಲ. ಇದು ಮಾತ್ರ ಅವನು ನೋಡಿದಲ್ಲಿಗೆಲ್ಲ, ಸಾಕಿದ ನಾಯಿಯ ಹಾಗೆ, ಹಿಂದೆಯೇ ಬರುತ್ತಿತ್ತು. ಮೆಲ್ಲಗೆ ಕ್ಯಾಮೆರಾ ಕೆಳಗಿಳಿಸಿದ. ಎಡಗಣ್ಣನ್ನು ಮಾತ್ರ ತೆರೆಯಲಿಲ್ಲ. ಈಗ ಕಿಂಡಿ ಇರಲಿಲ್ಲ, ಗಾಜಿರಲಿಲ್ಲ, ಬರಿಯ ಗಾಳಿ. ಗಡಿಯಾರದ ಮುಳ್ಳುಗಳಿದ್ದ ಕಡೆ ಕಪ್ಪು ಹಾಗೇ ಇತ್ತು.

ಎರಡೂ ಕಣ್ಣು ತೆರೆದಿದ್ದಾಗ ಎಡಗಣ್ಣು ಇಷ್ಟು ದಿನ ಅದನ್ನು ಮುಚ್ಚಿಟ್ಟುಕೊಂಡು ಬಂದಿತ್ತು. ಎಷ್ಟು ಸಲ ಒರೆಸಿದ್ದ ಅವನು ಆ ಗಾಜನ್ನು! ಸಾಸಿವೆಯಷ್ಟಿದ್ದಾಗ ಯಾರಿಗಾದರೂ ಕಣ್ಣು ತೋರಿಸಬಹುದಿತ್ತು. ಕಸುಬು ಕಲಿಸಿದ ಮಾತನ್ನೇ ನಂಬಿ ಕೂತಿದ್ದ. ಅಲ್ಲೇ ಸ್ಟೂಲಿನ ಮೇಲೆ ಕುಳಿತ.

"ಇದೇ ಇರ್ಲಿ, ಕಟ್ಟಿಕೊಡು," ಎಂದ.

"ಅಬ್ಬಾ, ಒಪ್ಪಿದ್ರಲ್ಲ!" ಹೆಂಡತಿ ಖುಷಿಯಾದಳು. ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ನಿಂತು ಸೆರಗು ಸರಿಮಾಡಿಕೊಂಡಳು. "ಮೊದಲನೇ ಫೋಟೊ ನಂದೇ. ಬೇರೆಯವ್ರನ್ನೆಲ್ಲ ತೆಗೀತೀರಿ, ನನ್ನ ತೆಗ್ದು ಎಷ್ಟು ಕಾಲ ಆಯ್ತು?"

ಅವನು ಕ್ಯಾಮೆರಾ ಎತ್ತಿದ. ಬಲಗಣ್ಣಿಗಿಟ್ಟ. ಸೆರಗಿತ್ತು, ಕೈಬಳೆಯಿತ್ತು, ಹಿಂದಿನ ಗೋಡೆಯಿತ್ತು. ಕುತ್ತಿಗೆಯಿಂದ ಮೇಲೆ ಏನೂ ಇರಲಿಲ್ಲ. ಹುಟ್ಟಿದಮೇಲೆ ಮೊದಲ ಸಲ ಕ್ಯಾಮೆರಾವನ್ನು ಎಡಗಣ್ಣಿಗೆ ಒಯ್ದ. ಅಭ್ಯಾಸವಿಲ್ಲದ ಮೂಗು ಅಡ್ಡ ಬಂತು.

ಅವಳ ನಗು ನಿಂತಿತು. "ಅದ್ಯಾಕ್ರೀ ಆ ಕಣ್ಣಲ್ಲಿ?"

ಸುಳ್ಳು ಹೇಳಬೇಕೆಂದುಕೊಂಡ. ಆಗಲಿಲ್ಲ.

"ಬಲಗಣ್ಣಲ್ಲಿ ನಿನ್ನ ಮುಖ ಕಾಣ್ತಿಲ್ಲ ಕಣೇ."

ಅವಳು ಮೆಟ್ಟಿಲಿಳಿದು ಬಂದು ಅವನ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದಳು, ಮುಖವನ್ನು ಅವನ ಮುಖದ ಹತ್ತಿರಕ್ಕೆ ತಂದಳು.

"ಈಗ?" ಎಂದಳು.

ಅವಳ ಉಸಿರು ಕೆನ್ನೆಗೆ ತಾಗುತ್ತಿತ್ತು. ಅವನು ಅವಳನ್ನು ಹುಡುಕುತ್ತಲೇ ಇದ್ದ.