ಓವನ್ನಿನ ಕೆಲಸವನ್ನು ನಾನು ಬರೆದುಕೊಟ್ಟದ್ದು

ಕುಂಬಳೆಯಿಂದ ಒಳಗೆ ಹೋಗುವ ದಾರಿಯಲ್ಲಿದ್ದ ಸರ್ಕಾರಿ ಪಂಪುಸೆಟ್ ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ವಿಭಾಗದ ಗುಮಾಸ್ತೆ. ಸಂಬಳ ಬರುತ್ತಿದ್ದದ್ದು ಆ ಕೆಲಸಕ್ಕೆ. ಆದರೆ ಜನ ನನ್ನನ್ನು ಹುಡುಕಿಕೊಂಡು ಬರುತ್ತಿದ್ದದ್ದು ಫಾರಂ ತುಂಬಿಸಲಿಕ್ಕೆ. ಆಫೀಸಿನ ಕಾಗದವೆಲ್ಲ ಮಲಯಾಳದಲ್ಲಿ, ಇಲ್ಲವಾದರೆ ಇಂಗ್ಲಿಷಿನಲ್ಲಿ. ಕೆಲಸಗಾರರಲ್ಲಿ ಅರ್ಧಕ್ಕರ್ಧ ಪೆರ್ಲ, ಕುಂಬ್ಡಾಜೆ ಕಡೆಯ ಕನ್ನಡ ಶಾಲೆಗಳಲ್ಲಿ ಓದಿದವರು. ಅವರು ಮಲಯಾಳದಲ್ಲಿ ಸಲೀಸಾಗಿ ಜಗಳವಾಡುತ್ತಿದ್ದರು, ಬರೆಯಲು ಕೂತರೆ ಮಾತ್ರ ಕೈ ಓಡುತ್ತಿರಲಿಲ್ಲ. ರಜೆಯ ಅರ್ಜಿ, ರೇಷನ್ ಕಾರ್ಡಿನ ತಿದ್ದುಪಡಿ, ಮಕ್ಕಳ ಕಾಲೇಜಿನ ಫಾರಂ ಎಲ್ಲವೂ ಊಟದ ಹೊತ್ತಿಗೆ ನನ್ನ ಮೇಜಿನ ಮೇಲೆ ಬಂದು ಬೀಳುತ್ತಿದ್ದವು. ಮೂರು ಭಾಷೆಯಲ್ಲೂ ನನ್ನ ಅಕ್ಷರ ಚಂದ. ಅದರ ಬಗ್ಗೆ ಸ್ವಲ್ಪ ಸೊಕ್ಕೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹೀಗೆ ಬರುವವರಲ್ಲಿ ಓವನ್ನಿನ ಅಣ್ಣ ಮೊದಲಿಗರು. ಅವರು ವಾರ್ನಿಶ್ ಓವನ್ ನೋಡಿಕೊಳ್ಳುತ್ತಿದ್ದವರು. ಮೋಟರಿನ ತಂತಿ ಸುತ್ತಿ ಆದ ಮೇಲೆ ಅದನ್ನು ವಾರ್ನಿಶ್‌ನಲ್ಲಿ ಅದ್ದಿ ಓವನ್ನಿನಲ್ಲಿ ಬೇಯಿಸಬೇಕು. ಅರೆಬೆಂದರೆ ಮೊದಲ ಮಳೆಗೇ ಮೋಟರ್ ಸುಟ್ಟುಹೋಗುತ್ತದೆ. ಹೆಚ್ಚು ಬೆಂದರೆ ವಾರ್ನಿಶ್ ಬಿರುಕು ಬಿಡುತ್ತದೆ. ಓವನ್ನಿಗೆ ಉಷ್ಣ ತೋರಿಸುವ ಮೀಟರ್ ಇತ್ತು, ಆದರೆ ಅದು ತೋರಿಸಿದ್ದನ್ನು ನಂಬಿದರೆ ಕೆಟ್ಟ ಹಾಗೆಯೇ. ಅಣ್ಣ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು ಮೂಸಿ ನೋಡುತ್ತಿದ್ದರು, ಉಗುರಿನಿಂದ ಒತ್ತಿ ನೋಡುತ್ತಿದ್ದರು, ಆಮೇಲೆ "ಇನ್ನು ಒಂದು ಚಾ ಕುಡಿಯುವಷ್ಟು ಹೊತ್ತು" ಎನ್ನುತ್ತಿದ್ದರು. ಅವರ ಲೆಕ್ಕ ತಪ್ಪಿದ್ದನ್ನು ನಾನು ನೋಡಿಲ್ಲ.

ಬದಲಾವಣೆ ಎಲ್ಲಿಂದ ಶುರುವಾಯಿತು ಎಂದು ಈಗ ಕೇಳಿದರೆ ಕ್ಯಾಂಟೀನಿನಿಂದ ಎನ್ನುತ್ತೇನೆ. ಒಂದು ದಿನ ಅಡುಗೆಯವರು ಬದಲಾದರು. ಹೊಸಬರು ಗುತ್ತಿಗೆಯವರಂತೆ. ಸಾಂಬಾರು ನೀರಾಗಿದೆ ಎಂದು ನಾವು ನಕ್ಕೆವು. ಆಮೇಲೆ ಗೇಟಿನ ಕಾವಲುಗಾರರು ಬದಲಾದರು. ಇಪ್ಪತ್ತು ವರ್ಷ ಅದೇ ಗೇಟಿನಲ್ಲಿ ಓಡಾಡಿದ ನನ್ನನ್ನು ಹೊಸಬರು ನಿಲ್ಲಿಸಿ ಯಾರು ನೀವು ಎಂದು ಕೇಳಿದರು. ಸರ್ಕಾರದ ಕೆಲಸ ಆಡಳಿತ ನಡೆಸುವುದು, ಪಂಪು ಮಾಡುವುದಲ್ಲ ಎಂದು ಪೇಪರಿನಲ್ಲಿ ದೊಡ್ಡವರು ಬರೆಯುತ್ತಿದ್ದರು. ಒಂದು ಖಾಸಗಿ ಕಂಪನಿ ಪಾಲುದಾರಿಕೆಗೆ ಬರುತ್ತದೆ, ಯಾರ ಕೆಲಸವೂ ಹೋಗುವುದಿಲ್ಲ ಎಂದು ಮ್ಯಾನೇಜರು ಸಭೆ ಕರೆದು ಹೇಳಿದರು. ಯಾರೂ ಕೇಳದೆಯೇ ಅದನ್ನು ಮೂರು ಸಲ ಹೇಳಿದರು.

ಮುಂದಿನ ತಿಂಗಳು ಇಬ್ಬರು ಟೇಪು ಹಿಡಿದುಕೊಂಡು ಬಂದರು. ನಾವು ನಮಸ್ಕಾರ ಅಂದರೆ ತಲೆ ಎತ್ತುತ್ತಿರಲಿಲ್ಲ. ಅಳೆಯುತ್ತಿದ್ದರು, ಫೋಟೊ ತೆಗೆಯುತ್ತಿದ್ದರು, ಒಂದೊಂದು ವಸ್ತುವಿಗೂ ನಂಬರಿನ ಸ್ಟಿಕ್ಕರ್ ಅಂಟಿಸುತ್ತಿದ್ದರು. ಮೊದಲು ಯಂತ್ರಗಳಿಗೆ, ಆಮೇಲೆ ಮೇಜು ಕುರ್ಚಿಗಳಿಗೆ. ಒಂದು ಬೆಳಿಗ್ಗೆ ಬಂದು ನೋಡಿದರೆ ನನ್ನ ಕುರ್ಚಿಯ ಬೆನ್ನಿಗೂ ಒಂದು ನಂಬರು. ನಮ್ಮವರಲ್ಲಿ ಕೆಲವರು, "ನಮಗೆ ಯಾವಾಗ ಅಂಟಿಸ್ತಾರೆ?" ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ.

ನಮಗೆ ಬಂದದ್ದು ಫಾರಂ. ಹೊಸ ಕಂಪನಿಗೆ ಯಾರು ಬೇಕೇ ಬೇಕೋ ಅವರನ್ನು ಇಟ್ಟುಕೊಳ್ಳುತ್ತಾರೆ, ಉಳಿದವರಿಗೆ ಸ್ವಯಂ ನಿವೃತ್ತಿ ಎಂಬ ಸುದ್ದಿ ಅಷ್ಟರಲ್ಲಿ ಎಲ್ಲರಿಗೂ ಮುಟ್ಟಿತ್ತು. ಫಾರಂ ನೋಡಿಯೇ ತೀರ್ಮಾನವಂತೆ. ನಾಲ್ಕು ಪುಟ, ಪೂರ್ತಿ ಇಂಗ್ಲಿಷು. ನಿಮ್ಮ ಕೆಲಸವೇನು, ಹೇಗೆ ಮಾಡುತ್ತೀರಿ, ಯಾವುದರಲ್ಲಿ ಎಚ್ಚರ ಬೇಕು. ಕೊನೆಯ ಪ್ರಶ್ನೆ: ನೀವು ಇಲ್ಲದ ದಿನ ಈ ಕೆಲಸವನ್ನು ಇನ್ನೊಬ್ಬರು ಹೇಗೆ ಮಾಡಬಹುದು?

ಅಣ್ಣ ಊಟದ ಡಬ್ಬಿಯ ಜೊತೆಗೆ ಫಾರಂ ಹಿಡಿದುಕೊಂಡು ಬಂದರು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದ್ದವು. ಅವರ ಮುಖದಲ್ಲಿ ಹೆದರಿಕೆ ಕಂಡದ್ದು ಅದೇ ಮೊದಲು.

"ಚಂದ ಮಾಡಿ ಬರಿ ಮಾರಾಯ್ತಿ. ಈ ಓವನ್ ಬಿಟ್ಟರೆ ನನಗೆ ಬೇರೆ ಎಂತ ಗೊತ್ತುಂಟು? ಮನೆಯಲ್ಲಿ ಕೂತರೆ ನನಗೆ ಹುಚ್ಚು ಹಿಡೀತದೆ."

ನಾನು ಪೆನ್ನು ತೆಗೆದು ಒಂದೊಂದೇ ಕೇಳುತ್ತಾ ಹೋದೆ. ಯಾರಿಗೂ ಬಾಯಿ ಬಿಡದ ಮನುಷ್ಯ ನನ್ನ ಮುಂದೆ ಎಲ್ಲವನ್ನೂ ಹೇಳಿದರು. ಮೀಟರ್ ಎಷ್ಟು ತಪ್ಪು ತೋರಿಸುತ್ತದೆ, ಮಳೆಗಾಲದಲ್ಲಿ ಎಷ್ಟು ಹೊತ್ತು ಹೆಚ್ಚು ಬೇಯಿಸಬೇಕು, ಬಲಬದಿಯ ಮೂಲೆಯಲ್ಲಿ ಕಾವು ಕಮ್ಮಿಯಾದ್ದರಿಂದ ಸಣ್ಣ ಮೋಟರುಗಳನ್ನು ಯಾಕೆ ಅಲ್ಲೇ ಇಡಬೇಕು, ವಾಸನೆ ಹುಳಿಯಿಂದ ಸಿಹಿಗೆ ತಿರುಗುವುದು ಯಾವಾಗ. ಚಾ ಕುಡಿಯುವಷ್ಟು ಹೊತ್ತು ಎಂದರೆ ಎಷ್ಟು ನಿಮಿಷ ಎಂದು ನಾನು ಗಡಿಯಾರ ತೋರಿಸಿ ಕೇಳಿದೆ. ಅವರು ಸ್ವಲ್ಪ ಯೋಚಿಸಿ ಹನ್ನೆರಡು ಅಂದರು. ಹನ್ನೆರಡು ಎಂದು ಬರೆದೆ.

ಕೊನೆಯ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದಾಗ ಅವರು ತಟ್ಟನೆ ತಲೆ ಎತ್ತಿದರು.

"ಅದಕ್ಕೆ, ನಾನಿಲ್ಲದಿದ್ದರೆ ಆಗ್ಲಿಕ್ಕಿಲ್ಲ ಅಂತ ಬರಿ."

"ಹಾಗೆ ಬರೀಲಿಕ್ಕೆ ಆಗ್ತದಾ ಅಣ್ಣ? ಇವನಿಗೆ ಭಾರಿ ಜಂಬ ಅಂತ ಎಣಿಸ್ಲಿಕ್ಕಿಲ್ವಾ ಅವರು?"

"ಜಂಬ ಎಂತದು? ಇದ್ದದ್ದನ್ನು ಹೇಳಿದ್ದು."

"ನಿಮಗೆ ಗೊತ್ತಾಗುದಿಲ್ಲ, ನೀವು ಸುಮ್ಮನಿರಿ. ನಾನು ಬರೀತೇನೆ."

ಬರೆದೆ. ಅವರು ಹೇಳಿದ್ದನ್ನೆಲ್ಲ ಒಂದರ ಕೆಳಗೆ ಒಂದು ಇಟ್ಟು, ಯಾರು ಓದಿದರೂ ಮಾಡಬಹುದಾದ ಹಾಗೆ ಬರೆದೆ. ಜಾಗ ಸಾಲದೆ ಒಂದು ಹಾಳೆ ಹೆಚ್ಚಿಗೆ ಸೇರಿಸಿದೆ. ಇಷ್ಟು ಸೂಕ್ಷ್ಮವಾಗಿ ಕೆಲಸ ಬಲ್ಲವರನ್ನು ಯಾರು ಬಿಟ್ಟಾರು ಎಂಬುದು ನನ್ನ ಲೆಕ್ಕ. ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಬರೆದರೆ ಪಾಸು ಎಂದೇ ನಾನು ಕಲಿತದ್ದು. ಇದು ಅಂಥ ಪರೀಕ್ಷೆಯಲ್ಲ ಎಂದು ಓದದ ಆ ಮನುಷ್ಯನಿಗೆ ಹೊಳೆದಿತ್ತು, ನನಗೆ ಹೊಳೆಯಲಿಲ್ಲ. ಅವರು ತಮಗೆ ಓದಲು ಬಾರದ ಆ ಐದು ಪುಟಗಳಿಗೂ ಸಹಿ ಹಾಕಿ ಎದ್ದುಹೋದರು.

ಆಮೇಲಿನ ಎರಡು ತಿಂಗಳು ಯಾರೂ ಏನೂ ಹೇಳಲಿಲ್ಲ. ಕಚ್ಚಾ ಸಾಮಾನು ಬರುವುದು ನಿಂತಿತು. ಸ್ಟೋರ್ಸಿನ ಕಪಾಟುಗಳು ಒಂದೊಂದಾಗಿ ಖಾಲಿಯಾದವು. ಓವನ್ ತಣ್ಣಗಿದ್ದರೂ ಅಣ್ಣ ದಿನಾ ಅದರ ಬಾಗಿಲು ಒರೆಸಿ, ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಒಂದು ದಿನ ಇಬ್ಬರು ಅಪರಿಚಿತ ತರುಣರು ಬಂದು ನಾಲ್ಕು ಮೋಟರುಗಳನ್ನು ಓವನ್ನಿಗೆ ಹಾಕಿದರು. ಅಣ್ಣನನ್ನು ಏನೂ ಕೇಳಲಿಲ್ಲ. ಆ ತರುಣರ ಕೈಯಲ್ಲಿ ಒಂದು ಕಾಗದವಿತ್ತು. ಅವರು ಅದನ್ನು ನೋಡುವುದು, ಗಡಿಯಾರ ನೋಡುವುದು. ಸ್ಟೋರ್ಸಿನ ಕಿಟಕಿಯಿಂದ ನಾನು ನೋಡುತ್ತಿದ್ದೆ. ಸಣ್ಣ ಮೋಟರುಗಳನ್ನು ಅವರು ಬಲಬದಿಯ ಮೂಲೆಗೆ ಸರಿಸಿದಾಗ ನಾನು ಕಿಟಕಿಯಿಂದ ಹಿಂದೆ ಸರಿದೆ.

ಅಣ್ಣನೂ ನೋಡುತ್ತಿದ್ದರು. "ಹುಷಾರಿದ್ದಾರೆ ಮಕ್ಕಳು," ಎಂದು ಆಮೇಲೆ ನನ್ನ ಹತ್ತಿರ ಬಂದು ಹೇಳಿದರು. "ಯಾರು ಕಲಿಸಿದರೋ."

ವಾರ ಕಳೆದು ಕಾಗದಗಳು ಬಂದವು. ನನ್ನನ್ನು ಉಳಿಸಿಕೊಂಡಿದ್ದರು. ಕೆಲಸದ ಕ್ರಮಗಳನ್ನು ದಾಖಲಿಸುವ ವಿಭಾಗಕ್ಕೆ ಹಾಕಿದ್ದರು, ನನ್ನ ಬರವಣಿಗೆ ಅಷ್ಟು ಸ್ಪಷ್ಟವಂತೆ. ಅದನ್ನು ಓದಿ ಕಾಗದವನ್ನು ಮೇಜಿನ ಮೇಲೆ ಕವುಚಿ ಇಟ್ಟೆ. ಆದರೂ ಬೇಡ ಎಂದು ಬರೆದುಕೊಡಲಿಲ್ಲ. ಹೊಟ್ಟೆಪಾಡು ಎಂದುಕೊಂಡೆ.

ಅಣ್ಣ ತಮ್ಮ ಲಕೋಟೆಯನ್ನು ಒಡೆಯದೆ ನನ್ನ ಮೇಜಿಗೆ ತಂದರು. "ಓದು," ಎಂದು ಎದುರಿನ ಬೆಂಚಿನಲ್ಲಿ ಕೂತರು.

ಎರಡೇ ಪ್ಯಾರಾ. ಇಷ್ಟು ವರ್ಷದ ಸೇವೆಗೆ ಧನ್ಯವಾದ ಎಂದಿದ್ದದ್ದನ್ನು ಓದಿ ಹೇಳಿದೆ. ಸ್ವಯಂ ನಿವೃತ್ತಿ ಎಂದಿದ್ದದ್ದನ್ನೂ ಹೇಳಿದೆ. ನಡುವೆ ಒಂದು ವಾಕ್ಯವಿತ್ತು: ತಾವು ಒದಗಿಸಿದ ವಿವರವಾದ ಲಿಖಿತ ಮಾಹಿತಿಯಿಂದ ಈ ಹುದ್ದೆಯ ಅಗತ್ಯ ಉಳಿದಿಲ್ಲ. ನಾನು ಅದನ್ನು ದಾಟಿ ಮುಂದೆ ಹೋದೆ.

ಅವರು ಖಾಲಿ ಲಕೋಟೆಯನ್ನು ಮಡಚಿ ಜೇಬಿಗೆ ಹಾಕಿದರು. ಆಮೇಲೆ ಕೇಳಿದರು, "ಯಾಕೆ ಅಂತ ಬರೆದಿದ್ದಾರಾ?"

"ಇಲ್ಲ ಅಣ್ಣ," ಅಂದೆ.

"ನೀನು ಅಷ್ಟು ಕಷ್ಟಪಟ್ಟು ಬರೆದದ್ದನ್ನು ಅವರು ಓದಲೇ ಇಲ್ಲ ಅಂತ ಕಾಣ್ತದೆ," ಎಂದು ಅವರು ನನ್ನನ್ನೇ ಸಮಾಧಾನ ಮಾಡಿದರು.